ಇಲ್ಲ ಎನ್ನದ ವಿದರ್ಬಿ

ವಿದರ್ಬಿ ಕಾಲೇಜು ಫೀಬಿ ಸ್ಟ್ರಾಟನ್‌ಗೆ ಹೌದು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಡಿಸೆಂಬರ್ ಮಧ್ಯದ ಒಂದು ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿನಲ್ಲಿ ಅವರ ಉತ್ತರ ಬಂತು. ನಿಮ್ಮ ಅರ್ಜಿ ನಮಗೆ ತುಂಬ ಇಷ್ಟವಾಗಿದೆ, ಆದರೆ ಈಗಲೇ ತೀರ್ಮಾನಿಸಲಾರೆವು, ಉಳಿದವರ ಅರ್ಜಿಗಳ ಜತೆ ಮತ್ತೊಮ್ಮೆ ನೋಡಿ ಮಾರ್ಚ್ ಕೊನೆಗೆ ತಿಳಿಸುತ್ತೇವೆ ಎಂದು ಅದರಲ್ಲಿತ್ತು.

ಫೀಬಿಯ ತಾಯಿ ಮಾರ್ಗೋ ಅದನ್ನು ಎರಡು ಸಲ ಓದಿದಳು.

"ಇಷ್ಟ ಆಗಿದೆಯಂತೆ," ಎಂದಳು. "ಇಷ್ಟ ಆಗಿದ್ರೆ ತಗೋಬೇಕು. ಇದೇನಿದು, ಅಂಗಡೀಲಿ ಇರೋ ಬರೋ ಕೋಟೆಲ್ಲಾ ಹಾಕಿ ನೋಡಿ, ಆಮೇಲೆ ಬರ್ತೀವಿ ಅಂತ ಎದ್ದು ಹೋಗೋರ ಥರ!"

ಫೀಬಿ ಬಟ್ಟಲಿಗೆ ಹಾಲು ಸುರಿದುಕೊಂಡು ಕಾರ್ನ್‌ಫ್ಲೇಕ್ಸ್ ತಿನ್ನತೊಡಗಿದಳು. ಹದಿನೇಳು ವರ್ಷದ ಹುಡುಗಿ ಇಂಥ ಹೊತ್ತಿನಲ್ಲಿ ಅಳಬೇಕೆಂದು ಮಾರ್ಗೋ ನಿರೀಕ್ಷಿಸಿದ್ದಳು. ಅತ್ತಿದ್ದರೆ ಸಮಾಧಾನ ಮಾಡಲು ಒಂದೆರಡು ಮಾತು ಸಿದ್ಧಮಾಡಿಯೂ ಇಟ್ಟುಕೊಂಡಿದ್ದಳು. ಅವು ವ್ಯರ್ಥವಾದವು.

ನವೆಂಬರಿನಲ್ಲೇ ಒಂದೇ ಒಂದು ಕಾಲೇಜಿಗೆ, ಕರೆದರೆ ಖಂಡಿತ ಬರುತ್ತೇನೆಂದು ಮಾತು ಕೊಟ್ಟು ಅರ್ಜಿ ಹಾಕುವುದು ಲಿಂಡೆನ್ ಫಾಲ್ಸ್‌ನಲ್ಲಿ ರೂಢಿ. ಬಾಸ್ಟನ್‌ನಿಂದ ಅಷ್ಟೇನೂ ದೂರವಿಲ್ಲದ ಈ ಊರಿನಲ್ಲಿ ಮಕ್ಕಳು ಯಾವ ಕಾಲೇಜಿಗೆ ಹೋಗುತ್ತಾರೆ ಎಂಬುದನ್ನು ತಂದೆತಾಯಿ ಕಾರಿನ ಹಿಂಬದಿಯ ಗಾಜಿಗೆ ಅಂಟಿಸಿಕೊಂಡು ತಿರುಗುತ್ತಾರೆ. ಕಾಲೇಜು ಮಾತು ಒಪ್ಪಿಕೊಂಡರೆ ಕ್ರಿಸ್‌ಮಸ್‌ಗೆ ಮೊದಲೇ ಚೀಟಿ ಅಂಟುತ್ತದೆ. ತಿರಸ್ಕರಿಸಿದರೆ ಮನೆಯವರು ಒಂದು ವಾರ ಯಾರ ಕಣ್ಣಿಗೂ ಬೀಳದೆ ಇದ್ದು, ಆಮೇಲೆ ಆ ಕಾಲೇಜೇ ಕೆಟ್ಟುಹೋಗಿದೆ ಎನ್ನತೊಡಗುತ್ತಾರೆ. ತೀರ್ಮಾನ ಮುಂದೂಡಿದರೆ ಮಾತ್ರ ಏನು ಮಾಡಬೇಕೆಂಬುದಕ್ಕೆ ಊರಲ್ಲಿ ಪದ್ಧತಿಯಿಲ್ಲ. ಕೊಟ್ಟ ಮಾತಿನ ಕಟ್ಟೇನೋ ಬಿಚ್ಚಿರುತ್ತದೆ, ಬೇರೆ ಕಡೆ ಹೋಗಲು ಅಡ್ಡಿಯಿಲ್ಲ. ಆದರೆ ಆಸೆ ಬಿಡುವ ಹಾಗಿಲ್ಲ, ಕಾಲೇಜನ್ನು ಬೈಯುವ ಹಾಗೂ ಇಲ್ಲ. ಮಾರ್ಗೋಗೆ ಅತಿ ಅಸಹ್ಯವಾದದ್ದು ಇದೇ.

ಅದಕ್ಕಿಂತ ಅಸಹ್ಯವಾದ ಸಂಗತಿ ಅರ್ಧ ಗಂಟೆಯೊಳಗೆ ಗೊತ್ತಾಯಿತು. ಎದುರು ಮನೆಯ ಕೋರಲೀ ಬೆನೆಡಿಕ್ಟ್‌ಳ ಮಗ ಆಂಗಸ್‌ಗೆ ವಿದರ್ಬಿ ಸಿಕ್ಕಿತ್ತು.

"ಆಂಗಸ್!" ಎಂದಳು ಮಾರ್ಗೋ ಗಂಡನಿಗೆ. "ಅವನಿಗೆ ದೋಣಿ ಹುಟ್ಟು ಹಾಕೋದು ಬಿಟ್ಟು ಇನ್ನೇನು ಬರುತ್ತೆ ಹೇಳು. ಅದೂ ಹಿಂದಕ್ಕೆ ಮುಖ ಮಾಡ್ಕೊಂಡು ಕೂತು."

"ಎಲ್ಲರೂ ಹಂಗೇ ಕೂರೋದು, ಮಾರ್ಗೋ. ದೋಣಿ ಇರೋದೇ ಹಂಗೆ," ಎಂದ ಡ್ವೈಟ್.

ಡ್ವೈಟ್ ವಿಮಾ ಕಂಪನಿಗಳ ವಕೀಲ. ಅಪಾಯವನ್ನು ಅಂಕಿಯಲ್ಲಿ ಹೇಳಿದರೆ ಅದು ಕಡಿಮೆಯಾಗುತ್ತದೆಂದು ನಂಬಿದವನು. ಮುಂದೂಡಿದ ಮಕ್ಕಳ ತಂದೆತಾಯಂದಿರು ಸೇರುವ ಒಂದು ಅಂತರ್ಜಾಲ ತಾಣವನ್ನು ಆ ವಾರವೇ ಹುಡುಕಿ, ಮಗಳ ಹೆಸರು ಬಿಟ್ಟು ಅಂಕಗಳನ್ನೂ ಚಟುವಟಿಕೆಗಳನ್ನೂ ಅಲ್ಲಿ ಹಾಕಿ, ಸಿಗುವ ಸಂಭವ ಎಷ್ಟೆಂದು ಕೇಳಿದ. ಯಾರೋ ನೂರಕ್ಕೆ ಐದು ಎಂದರು. ಯಾರೋ ನಲವತ್ತು ಎಂದರು. ಅವರಲ್ಲಿ ಒಬ್ಬರೂ ಫೀಬಿಯನ್ನು ಕಂಡವರಲ್ಲ, ವಿದರ್ಬಿಯಲ್ಲಿ ಕೆಲಸ ಮಾಡಿದವರೂ ಅಲ್ಲ. ಹೆಚ್ಚಿನವರು ತಾವೂ ಅದೇ ಪ್ರಶ್ನೆ ಕೇಳಲು ಬಂದವರು. ಡ್ವೈಟ್ ಅವರೆಲ್ಲರ ಊಹೆಯನ್ನು ಕೂಡಿಸಿ, ಭಾಗಿಸಿ, ನೂರಕ್ಕೆ ಹದಿನೇಳು ಎಂಬ ಉತ್ತರ ತಂದ. ಅಂದಿನಿಂದ ಆ ಮನೆಯಲ್ಲಿ ಹದಿನೇಳು ಎಂಬುದು ಹವಾಮಾನ ವರದಿಯಷ್ಟು ಖಚಿತವಾಯಿತು.

ಕ್ರಿಸ್‌ಮಸ್ ರಜೆಗೆ ಮುಂಚೆ ಮಾರ್ಗೋ ಮಗಳನ್ನು ಕರೆದುಕೊಂಡು ಹೈಸ್ಕೂಲಿಗೆ ಹೋದಳು. ಕಾಲೇಜು ಅರ್ಜಿಗಳ ಸಲಹೆಗಾರ್ತಿ ಮಿಸೆಸ್ ಲೋಮ್ಯಾಕ್ಸ್ ಅಲ್ಲಿದ್ದಳು. ಇಷ್ಟೊಂದು ಮಕ್ಕಳನ್ನು ನೋಡಿಕೊಳ್ಳುವವಳು ಯಾರನ್ನೂ ನೋಡಿಕೊಳ್ಳುವುದಿಲ್ಲ ಎಂಬುದು ಮಾರ್ಗೋ ಅಭಿಪ್ರಾಯ. ಲೋಮ್ಯಾಕ್ಸ್ ಒಳ್ಳೆಯ ಸ್ಕರ್ಟಿನ ಕೆಳಗೆ ಹಿಮದ ಬೂಟು ಹಾಕಿಕೊಂಡಿದ್ದುದೂ ಆ ಅಭಿಪ್ರಾಯವನ್ನು ಬಲಪಡಿಸಿತು.

"ನೇರವಾಗಿ ಕೇಳ್ತೀನಿ," ಎಂದಳು ಮಾರ್ಗೋ. "ಚಾನ್ಸ್ ಎಷ್ಟು?"

"ವಿದರ್ಬಿಯವರು ಆ ಅಂಕಿ ಹೊರಗೆ ಬಿಡಲ್ಲ. ಮುಂದೂಡಿದ ನಮ್ಮ ಮಕ್ಕಳಲ್ಲಿ ಹೋದ ವರ್ಷ ಒಬ್ಬನಿಗೆ ಸಿಕ್ತು. ಅದರ ಹಿಂದಿನ ವರ್ಷ ಯಾರಿಗೂ ಸಿಗಲಿಲ್ಲ."

"ಅಂದ್ರೆ ಪರ್ಸೆಂಟು?"

"ಅಷ್ಟರಲ್ಲಿ ಪರ್ಸೆಂಟು ಹೇಳೋಕೆ ಬರಲ್ಲ, ಮಿಸೆಸ್ ಸ್ಟ್ರಾಟನ್. ಹೇಳಿದ್ರೆ ಕಟ್ಟು ಕಥೆ ಆಗುತ್ತೆ."

"ನನ್ನ ಗಂಡ ಹದಿನೇಳು ಅಂತಾರೆ."

"ಅವರಿಗೆ ಎಲ್ಲಿ ಸಿಕ್ತು?"

ಮಾರ್ಗೋ ಗೋಡೆಯ ಮೇಲಿನ ಕಾಲೇಜು ಬಾವುಟಗಳತ್ತ ನೋಡಿದಳು. ಫೀಬಿ ಕೆಮ್ಮಿದಳು, ಅದು ನಗು ಎಂದು ತಾಯಿಗೆ ಅನುಮಾನ ಬಂತು.

ಲೋಮ್ಯಾಕ್ಸ್ ಮಾಡಬಹುದಾದ್ದನ್ನು ಹೇಳಿದಳು. ನಿಮ್ಮಲ್ಲಿ ಇನ್ನೂ ಆಸಕ್ತಿಯಿದೆ ಎಂದು ವಿದರ್ಬಿಗೆ ಒಂದು ಪತ್ರ, ಒಂದೇ ಒಂದು, ಹೊಸ ಅಂಕಪಟ್ಟಿ, ಬೇರೇನೂ ಬೇಡ, ಹೆಚ್ಚುವರಿ ಶಿಫಾರಸು ಕಳಿಸಬೇಡಿ ಎಂದು ಕಾಲೇಜಿನವರೇ ಬರೆದಿದ್ದಾರೆ. ಆಮೇಲೆ ಫೀಬಿಯ ಕಡೆ ತಿರುಗಿದಳು.

"ಜನವರೀಲಿ ಎರಡನೇ ಸರದಿ ಇದೆ. ವಿದರ್ಬಿ ಬಿಟ್ಟು ಇನ್ಯಾವುದಾದ್ರೂ ಕಾಲೇಜು ನಿನಗೆ ನಿಜವಾಗಿ ಬೇಕಿದ್ರೆ, ಅಲ್ಲಿಗೆ ಮಾತು ಕೊಟ್ಟು ಹಾಕಬಹುದು. ಅವರು ತಗೊಂಡ್ರೆ ಹೋಗಲೇಬೇಕು. ಉಳಿದಿದ್ದೆಲ್ಲಾ ಹಿಂದಕ್ಕೆ ತಗೋಬೇಕು, ವಿದರ್ಬಿನೂ. ನೀನು, ನಿಮ್ಮ ಅಮ್ಮ, ನಾನು, ಮೂರು ಜನ ಸಹಿ ಹಾಕ್ತೀವಿ. ಅಂಥದ್ದು ಯಾವುದಾದ್ರೂ ಇದೆಯಾ?"

"ಟ್ರಸ್ಕಾಟ್," ಎಂದಳು ಫೀಬಿ, ಪ್ರಶ್ನೆ ಮುಗಿಯುವುದನ್ನೇ ಕಾಯುತ್ತಿದ್ದವಳಂತೆ.

ಟ್ರಸ್ಕಾಟ್ ಮೇಯ್ನ್ ರಾಜ್ಯದ ಕಡಲಂಚಿನ ಚಿಕ್ಕ ಕಾಲೇಜು. ಸೆಪ್ಟೆಂಬರಿನಲ್ಲಿ ನೋಡಿಕೊಂಡು ಬಂದಿದ್ದರು. ಕಾಲೇಜಿನ ಹಿಂದೆಯೇ ಸಮುದ್ರ ಇಳಿದಾಗ ಮೈಲಿಗಟ್ಟಲೆ ಕೆಸರು ಬಯಲಾಗುತ್ತದೆ. ವಿದ್ಯಾರ್ಥಿಗಳು ಮೊಣಕಾಲುದ್ದದ ಬೂಟು ಹಾಕಿ, ಅದನ್ನು ಅಗೆದು, ಹುಳು, ಏಡಿ ಎಣಿಸಿ ಬರೆದುಕೊಳ್ಳುತ್ತಾರೆ. ಫೀಬಿ ಅಲ್ಲಿ ಒಂದು ಮಧ್ಯಾಹ್ನವೆಲ್ಲ ನಿಂತಿದ್ದಳು. ಮಾರ್ಗೋ ಕಾರಿನಲ್ಲೇ ಕೂತು ಹೀಟರ್ ಹಾಕಿಕೊಂಡಿದ್ದಳು.

"ಕೆಸರು ಕೆದಕೋಕೆ ಕಾಲೇಜು ಬೇರೆ ಬೇಕಾ?" ಎಂದು ವಾಪಸು ಬರುವ ದಾರಿಯಲ್ಲಿ ಆಗ ಕೇಳಿದ್ದಳು. ಈಗ ಲೋಮ್ಯಾಕ್ಸ್‌ಳ ಕೋಣೆಯಿಂದ ಹೊರಬರುವಾಗ ಅದನ್ನು ಕೇಳಲಿಲ್ಲ. ಅವಳ ತಲೆಯಲ್ಲಿ ಟ್ರಸ್ಕಾಟ್‌ಗೆ ಒಂದು ಉಪಯೋಗ ಹೊಳೆದಿತ್ತು.

"ಹಾಕು," ಎಂದಳು. "ಕೊಡೆ ಇದ್ದ ಹಾಗೆ ಇರುತ್ತೆ. ಮಳೆ ಬಂದ್ರೆ ಬಿಚ್ಚಿದ್ರಾಯ್ತು."

ಜನವರಿ ಮೊದಲ ವಾರ ಟ್ರಸ್ಕಾಟ್‌ನ ಮಾತಿಗೆ ಮೂವರೂ ಸಹಿ ಹಾಕಿದರು. ಮಾರನೆಯ ದಿನ ಮಾರ್ಗೋ ಫೀಬಿಯ ಹೆಸರಿನಲ್ಲಿ ವಿದರ್ಬಿಗೆ ಪತ್ರ ಬರೆಯಲು ಕೂತಳು. ಮಗಳ ಅರ್ಜಿಗಳಿಗೆಂದು ಒಂದು ಇಮೇಲ್ ಖಾತೆ ತೆರೆದು, ಅದನ್ನು ಎರಡು ವರ್ಷದಿಂದ ಅವಳೇ ನಡೆಸಿಕೊಂಡು ಬಂದಿದ್ದಳು. ಲಿಂಡೆನ್ ಫಾಲ್ಸ್‌ನಲ್ಲಿ ಇದನ್ನು ಮಕ್ಕಳಿಗೆ ಬೆಂಬಲ ಕೊಡುವುದು ಎನ್ನುತ್ತಾರೆ.

ಫೀಬಿ ಹಿಂದೆ ನಿಂತು ಓದಿದಳು. "'ವಿದರ್ಬಿಯೇ ನನ್ನ ಏಕೈಕ ಆಯ್ಕೆ. ನೀವು ಕರೆದರೆ ನಾನು ನಿಸ್ಸಂಶಯವಾಗಿ ಬರುತ್ತೇನೆ.' ಅಮ್ಮ, ಇದೇ ಮಾತನ್ನ ನಿನ್ನೆ ತಾನೇ ಟ್ರಸ್ಕಾಟ್‌ಗೆ ಕೊಟ್ಟಿದ್ದೀನಿ. ನೀನೂ ಸಹಿ ಹಾಕಿದ್ದೀಯ."

"ಅದು ಫಾರಂ ಕಣೇ. ಇದು ಪತ್ರ."

"ಏನು ವ್ಯತ್ಯಾಸ?"

"ಫಾರಂ ಎಲ್ಲರೂ ತುಂಬ್ತಾರೆ. ಪತ್ರ ಮನಸ್ಸಿಂದ ಬರೋದು."

"ಯಾರ ಮನಸ್ಸಿಂದ?"

"ನಿನಗೆ ಏಕೈಕ ಅನ್ನೋದು ಜಾಸ್ತಿ ಆಯ್ತು ಅನಿಸಿದ್ರೆ ಹೇಳು, ಮೊದಲ ಅಂತ ಮಾಡ್ತೀನಿ."

"ಎರಡೂ ಕಡೆ ಸಿಕ್ಕಿದ್ರೆ?"

"ಅಂಥ ಕಷ್ಟ ಬಂದ್ರೆ ಬರಲಿ ಬಿಡು," ಎಂದಳು ಮಾರ್ಗೋ. "ಎಷ್ಟು ಜನ ಅದಕ್ಕೆ ಹರಕೆ ಹೊತ್ತಿದ್ದಾರೆ."

ಪತ್ರದಲ್ಲಿ ಹೊಸ ಸಾಧನೆ ಬೇಕಿತ್ತು. ಡಿಸೆಂಬರ್‌ನಿಂದೀಚೆಗೆ ಫೀಬಿ ಮಾಡಿದ್ದೆಂದರೆ ಗಣಿತದಲ್ಲಿ ಒಳ್ಳೆಯ ದರ್ಜೆ ತೆಗೆದದ್ದು ಮತ್ತು ಎರಡು ದವಡೆ ಹಲ್ಲು ಕೀಳಿಸಿಕೊಂಡದ್ದು. ಆದ್ದರಿಂದ ಮಾರ್ಗೋ ಬಡವರಿಗೆ ಚಳಿಗಾಲದ ಕೋಟು ಸಂಗ್ರಹಿಸುವ ಸಂಸ್ಥೆಯೊಂದನ್ನು ಹುಟ್ಟಿಸಿ, ಮಗಳನ್ನು ಅದರ ಸಂಸ್ಥಾಪಕಿಯಾಗಿ ಮಾಡಿದಳು. ನೆರೆಹೊರೆಯವರು ಗ್ಯಾರೇಜಿಗೆ ಕೋಟು ತಂದು ಸುರಿದರು. ರಾಶಿಯ ಮುಂದೆ ಫೀಬಿಯನ್ನು ನಿಲ್ಲಿಸಿ ಫೋಟೋ ತೆಗೆದದ್ದಾಯಿತು, ಅದು ವಿದರ್ಬಿಗೆ ಹೋದದ್ದೂ ಆಯಿತು. ಕೋಟುಗಳು ಯಾರಿಗೆ ಹೋಗಬೇಕು ಎಂಬ ಭಾಗವನ್ನು ಯಾರೂ ಯೋಚಿಸಿರಲಿಲ್ಲ. ಆ ಚಳಿಗಾಲ ಡ್ವೈಟ್ ತನ್ನ ಕಾರನ್ನು ಹಿಮದಲ್ಲೇ ನಿಲ್ಲಿಸಿದ.

ಹೆಚ್ಚುವರಿ ಶಿಫಾರಸು ಬೇಡ ಎಂಬ ಸೂಚನೆ ಬೇರೆಯವರಿಗೆ ಬರೆದದ್ದು ಎಂದೇ ಮಾರ್ಗೋ ಅರ್ಥಮಾಡಿಕೊಂಡಳು. ಡ್ವೈಟ್‌ನ ವಕೀಲಿ ಸಂಸ್ಥೆಯ ಹಿರಿಯ ಪಾಲುದಾರ ವಿದರ್ಬಿಯಲ್ಲಿ ಓದಿದವನು. ಈ ಹುಡುಗಿ ನನ್ನ ಕಣ್ಣೆದುರೇ ಬೆಳೆದವಳು ಎಂದು ಅವನು ಬರೆದುಕೊಟ್ಟ. ಫೀಬಿ ಅವನ ಕಣ್ಣೆದುರು ಬಂದದ್ದು ಒಂದೇ ಸಲ, ಅವನ ಮನೆಯ ಹಿತ್ತಲಿನ ಔತಣದಲ್ಲಿ. ಆಗ ಅವನು ಅವಳನ್ನು ಊಟ ಬಡಿಸಲು ಗೊತ್ತುಮಾಡಿದ ಹುಡುಗಿ ಎಂದುಕೊಂಡು ಸಾಸಿವೆ ಸಾಸ್ ತರಲು ಹೇಳಿದ್ದ. ಅವಳು ತಂದುಕೊಟ್ಟಿದ್ದಳು.

ಫೆಬ್ರವರಿಯಲ್ಲಿ ಟ್ರಸ್ಕಾಟ್ ಹೌದು ಎಂದಿತು.

ಫೀಬಿ ಅಡುಗೆಮನೆಯಲ್ಲಿ ಚೀರಿದ ರೀತಿಗೆ ಡ್ವೈಟ್ ಏನೋ ಬಿದ್ದಿತೆಂದು ಓಡಿಬಂದ. ಅವಳು ಅವನ ಕೊರಳಿಗೆ ಜೋತುಬಿದ್ದಳು, ಕಾಲುಚೀಲದಲ್ಲೇ ನೆಲದ ಮೇಲೆ ಜಾರಿದಳು, ಅತ್ತಳು. ಡಿಸೆಂಬರಿನಲ್ಲಿ ಬಾರದ ಕಣ್ಣೀರು ಈಗ ಒಂದು ಕೆಸರು ಗದ್ದೆಗಾಗಿ ಬರುತ್ತಿರುವುದನ್ನು ಮಾರ್ಗೋ ನೋಡಿದಳು. ಮಗಳ ಅಭಿರುಚಿಯ ಬಗ್ಗೆ ಅವಳಿಗಿದ್ದ ಕೊನೆಯ ಭರವಸೆಯೂ ಹೋಯಿತು.

"ಕೊಡೆಯಂತೂ ಸಿಕ್ತು," ಎಂದು ಲೋಟ ಎತ್ತಿದಳು.

"ಉಳಿದಿದ್ದನ್ನೆಲ್ಲಾ ಈಗಲೇ ಹಿಂದಕ್ಕೆ ತಗೊಳ್ಳಿ ಅಂತ ಬರೆದಿದ್ದಾರೆ," ಎಂದಳು ಫೀಬಿ.

"ತಗೊಳ್ಳೋಣ. ಮೊದಲು ರಜೆ ಮುಗೀಲಿ. ಆ ಕೆಲಸ ನಾನು ನೋಡ್ಕೋತೀನಿ."

ಫೆಬ್ರವರಿ ರಜೆಗೆ ಹಿಮದ ಮೇಲೆ ಜಾರುವ ಆಟಕ್ಕೆಂದೇ ವರ್ಮಾಂಟ್‌ನಲ್ಲಿ ಇಟ್ಟುಕೊಂಡಿದ್ದ ತಮ್ಮ ಸ್ಕೀ ಮನೆಗೆ ಹೋದರು. ಗುಡ್ಡದ ಮೇಲಕ್ಕೆ ಒಯ್ಯುವ ತೂಗುಕುರ್ಚಿಯಲ್ಲಿ ಗಂಡ ಹೆಂಡತಿ ಇಬ್ಬರೇ ಕೂತಿದ್ದಾಗ ಡ್ವೈಟ್ ಬಾಯಿಬಿಟ್ಟ.

"ಮಾತು ಕೊಟ್ಟಿದ್ದೀವಿ ಮಾರ್ಗೋ. ಕಾನೂನು ಅಲ್ಲದೇ ಇರಬಹುದು, ಆದ್ರೂ ಸಹಿ ಸಹೀನೇ."

"ಮಾತಿಂದ ಬಿಡಿಸ್ಕೊಳ್ಳೋಕೂ ದಾರಿ ಇದೆ. ಓದಿದ್ದೀನಿ. ಕಾಲೇಜು ಕೊಡೋ ಹಣದ ನೆರವು ಮನೆಯವರಿಗೆ ಸಾಲದೇ ಹೋದ್ರೆ ಬಿಟ್ಟುಬಿಡ್ತಾರೆ."

"ನಾವು ನೆರವು ಕೇಳೇ ಇಲ್ವಲ್ಲ."

"ಅದಕ್ಕೇ ಸಾಲದು."

ಡ್ವೈಟ್ ಕೆಳಗೆ ತಮ್ಮ ಸ್ಕೀ ಮನೆಯ ಹೊಗೆಗೂಡಿನತ್ತ ನೋಡಿದ. "ಇದನ್ನ ಕೇಳೋ ಮೊದಲು ಆ ಮನೆ ಬಚ್ಚಿಡಬೇಕಾಗುತ್ತೆ," ಎಂದ. ಇಡೀ ಚಳಿಗಾಲದಲ್ಲಿ ಅವನು ಆಡಿದ ಒಂದೇ ಒಳ್ಳೆಯ ಮಾತು ಅದು. ಹೆಂಡತಿ ಮುಖ ತಿರುಗಿಸಿದ್ದರಿಂದ ಅಲ್ಲಿಗೇ ನಿಲ್ಲಿಸಿದ.

ಶಾಲೆ ಮತ್ತೆ ತೆರೆದು ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ಮಿಸೆಸ್ ಲೋಮ್ಯಾಕ್ಸ್ ಫೋನ್ ಮಾಡಿ ಕೂಡಲೇ ಬರಬೇಕೆಂದಳು. ಮಾರ್ಗೋ ಹೋದಾಗ ಫೀಬಿ ಆಗಲೇ ಅಲ್ಲಿ ಕೂತಿದ್ದಳು, ಮೊಣಕಾಲ ಮೇಲೆ ಚೀಲ, ಚೀಲದ ಮೇಲೆ ಮೊಬೈಲು.

"ವಿದರ್ಬಿಯಿಂದ ಫೋನ್ ಬಂದಿತ್ತು," ಎಂದಳು ಲೋಮ್ಯಾಕ್ಸ್.

ಮಾರ್ಗೋ ಕೂತಳು. ಆ ಹದಿನೇಳು ಅವಳ ಎದೆಯೊಳಗೆ ಒಂದೇ ಜಿಗಿತಕ್ಕೆ ತೊಂಬತ್ತಾಯಿತು.

"ಏನಂದ್ರು?"

"ಫೀಬಿ ಅರ್ಜಿ ಮತ್ತೆ ಓದ್ತಾ ಇದ್ದಾರಂತೆ. ತಗೊಂಡ್ರೆ ಬರ್ತಾಳಾ ಅಂತ ಕೇಳಿದ್ರು. ಬರ್ತೀನಿ ಅಂತ ಬರೆದಿದ್ದಾಳೆ ಅಂತ ಪತ್ರ ಓದಿ ಹೇಳಿದ್ರು. ಆ ಪತ್ರ ನಾನು ನೋಡೇ ಇರಲಿಲ್ಲ."

"ಬರ್ತಾಳೆ ಅಂದ್ರಿ ತಾನೆ?"

"ವಿಚಾರಿಸಿ ಮಧ್ಯಾಹ್ನ ಹೇಳ್ತೀನಿ ಅಂದೆ."

"ಮಧ್ಯಾಹ್ನ ಯಾಕೆ? ಆಗಲೇ ಹೇಳಬೇಕಿತ್ತು!"

"ಏನಂತ ಹೇಳಲಿ? ಟ್ರಸ್ಕಾಟ್‌ನವರು ಸೀಟು ಕೊಟ್ಟಾಗಿದೆ. ಉಳಿದಿದ್ದೆಲ್ಲಾ ಹಿಂದಕ್ಕೆ ತಗೊಂಡಿದ್ದೀರಿ ಅಂತ ನಾನು ನಂಬಿದ್ದೆ. ಆ ಮಾತಿನ ಕೆಳಗೆ ನನ್ನ ಸಹಿನೂ ಇದೆ, ಮಿಸೆಸ್ ಸ್ಟ್ರಾಟನ್." ಲೋಮ್ಯಾಕ್ಸ್ ದನಿ ಏರಿಸಲಿಲ್ಲ. "ವಿದರ್ಬಿಯವರು ಕೊಟ್ಟೇ ಬಿಡ್ತೀವಿ ಅಂತ ಏನೂ ಹೇಳಿಲ್ಲ. ಈ ಹೊತ್ತಿಗೆ ಯಾರು ಯಾರು ಬರೋರು ಅಂತ ತುಂಬ ಮಕ್ಕಳ ಬಗ್ಗೆ ಹೀಗೆ ಕೇಳ್ತಾರೆ. ನಾನು ಸುಳ್ಳು ಹೇಳಿ, ಅದು ಟ್ರಸ್ಕಾಟ್‌ಗೆ ಗೊತ್ತಾದ್ರೆ, ಅವರು ಕೊಟ್ಟಿದ್ದನ್ನ ವಾಪಸ್ ತಗೋತಾರೆ. ವಿದರ್ಬಿಯವರಿಗೂ ತಿಳಿಯುತ್ತೆ. ಫೀಬಿಗೆ ಎರಡೂ ಇರಲ್ಲ."

ಇಷ್ಟರಲ್ಲಿ ಮಾರ್ಗೋ ಕಿವಿಗೆ ಬಿದ್ದದ್ದು ಫೋನ್ ಬಂತು ಎಂಬುದು ಮಾತ್ರ.

"ಬೇಡದಿದ್ದೋರು ಫೋನ್ ಮಾಡ್ತಾರಾ? ನೀವು ಒಂದು ಮಾತು ಹೇಳಿದ್ರೆ ಸಾಕು. ಬರ್ತಾಳೆ. ಇಷ್ಟೇ. ಅದಕ್ಕೆ ತಾನೇ ನಿಮಗೆ ಸಂಬಳ ಕೊಡೋದು?"

"ಹೇಳಿದ್ರೆ ಮುಂದಿನ ವರ್ಷ ಈ ಸ್ಕೂಲಿನ ಮಕ್ಕಳು ಕೊಡೋ ಮಾತನ್ನ ಯಾರು ನಂಬ್ತಾರೆ?"

"ಮುಂದಿನ ವರ್ಷದ ಮಕ್ಕಳಿಗೂ ನನಗೂ ಏನು ಸಂಬಂಧ?" ಎಂದಳು ಮಾರ್ಗೋ. ಅವಳು ನಿಜವಾಗಿಯೂ ಉತ್ತರ ತಿಳಿಯಲೆಂದೇ ಕೇಳಿದ್ದಳು.

"ಅಮ್ಮ," ಎಂದಳು ಫೀಬಿ. "ತಗೊಂಡಾಯ್ತು."

"ಏನು?"

"ವಿದರ್ಬಿ ಅರ್ಜೀನ ಹಿಂದಕ್ಕೆ ತಗೊಂಡೆ." ಮೊಬೈಲಿನ ಪರದೆಯನ್ನು ತಾಯಿಯ ಕಡೆ ತಿರುಗಿಸಿದಳು. "'ಆಗಲೇ ಹೇಳಬೇಕಿತ್ತು' ಅಂದ್ಯಲ್ಲ, ಆಗ."

ಮಾರ್ಗೋ ಪರದೆ ನೋಡಿದಳು. ಅಲ್ಲಿ ಆಗಲೇ ಬಂದಿದ್ದ ಸಿದ್ಧ ಉತ್ತರದಲ್ಲಿ ವಿದರ್ಬಿಯವರು ಫೀಬಿಗೆ ಶುಭ ಹಾರೈಸಿದ್ದರು.

"ಆ ಖಾತೆ ನನ್ನ ಹತ್ರ ಇರೋದು. ಪಾಸ್‌ವರ್ಡ್ ನನ್ನ ಹತ್ರ ಇರೋದು!"

"ರಜೇಲಿ ಬದಲಾಯಿಸಿದೆ. ಹಳೇದು ನಿನ್ನ ಹೆಸರೇ ಆಗಿತ್ತಲ್ಲಮ್ಮ."

"ರದ್ದು ಮಾಡಿಸಿ ಇದನ್ನ," ಎಂದು ಮಾರ್ಗೋ ಲೋಮ್ಯಾಕ್ಸ್ ಕಡೆ ತಿರುಗಿದಳು. "ಮಗು ಇನ್ನೂ. ಏನೋ ಒತ್ತಿಬಿಟ್ಟಿದೆ. ಅದಕ್ಕೇನು ಗೊತ್ತಾಗುತ್ತೆ?"

"ಗೊತ್ತಿದ್ದೇ ಒತ್ತಿದ್ದು," ಎಂದಳು ಫೀಬಿ. "ಎರಡು ತಿಂಗಳಿಂದ ಈ ಊರಲ್ಲಿ ಗೊತ್ತಿದ್ದು ಮಾಡಿರೋ ಕೆಲಸ ಇದೊಂದೇ ಇರಬೇಕು."

ಲೋಮ್ಯಾಕ್ಸ್ ಮೇಜಿನ ಮೇಲಿನ ಪೆನ್ಸಿಲುಗಳನ್ನು ಲೋಟಕ್ಕೆ ಹಾಕಿದಳು. "ಹಾಗಾದ್ರೆ ಮಧ್ಯಾಹ್ನ ನನಗೆ ಹೇಳೋದು ಸುಲಭ," ಎಂದಳು. "ಫೀಬಿ, ನೀನು ಕ್ಲಾಸಿಗೆ ಹೋಗೋದಿದ್ರೆ ಚೀಟಿ ಕೊಡ್ತೀನಿ. ಮನೆಗೆ ಹೋಗೋದಿದ್ರೂ ಕೊಡ್ತೀನಿ."

ಫೀಬಿ ತಾಯಿಯ ಮುಖ ನೋಡಿ ಮನೆಗೆ ಎಂದಳು.

ಹೊರಗೆ ಬಿಸಿಲಿದ್ದರೂ ಮೂಗು ಕೊಯ್ಯುವ ಗಾಳಿ. ಮಾರ್ಗೋ ಕಾರುಗಳ ನಡುವೆ ನಡೆದಳು. ವಿದರ್ಬಿ ಫೋನ್ ಮಾಡಿತ್ತು. ಇನ್ನೊಂದು ತಿಂಗಳು ಸುಮ್ಮನಿದ್ದಿದ್ದರೆ ಹೌದು ಎನ್ನುತ್ತಿತ್ತು. ಅಥವಾ ಇಲ್ಲ ಎನ್ನುತ್ತಿತ್ತು. ಈಗ ಏನನ್ನೂ ಅನ್ನುವುದಿಲ್ಲ. ನೂರಕ್ಕೆ ಎಷ್ಟು ಎಂಬುದು ಯಾರಿಗೂ, ಎಂದೆಂದಿಗೂ ಗೊತ್ತಾಗುವುದಿಲ್ಲ. ಹಾಗೆ ಯೋಚಿಸುತ್ತ ನಡೆದಂತೆ ಅವಳಿಗೆ ಸ್ವಲ್ಪ ಸ್ವಲ್ಪವೇ ಬಲ ಬಂತು. ಗೊತ್ತಾಗದ್ದನ್ನು ಹೇಗೆ ಬೇಕಾದರೂ ಹೇಳಬಹುದಲ್ಲ.

ಹೇಳಲು ಜನವೂ ಸಿಕ್ಕಿತು. ಆಂಗಸ್ ಬಿಟ್ಟುಹೋದ ಯಾವುದೋ ಚೀಲ ಕೊಡಲು ಬಂದಿದ್ದ ಕೋರಲೀ ಬೆನೆಡಿಕ್ಟ್ ತನ್ನ ಕಾರಿನ ಕಿಟಕಿ ಇಳಿಸಿದಳು.

"ಮಾರ್ಗೋ! ಏನಮ್ಮಾ, ವಿದರ್ಬಿ ಸುದ್ದಿ ಏನಾದ್ರೂ ಬಂತಾ?"

"ಈವತ್ತು ಅವರೇ ಫೋನ್ ಮಾಡಿದ್ರು," ಎಂದಳು ಮಾರ್ಗೋ.

"ಹೌದಾ! ಸಿಕ್ತಾ?"

"ನಾವೇ ಬೇಡ ಅಂದ್ವಿ."

ಕೋರಲೀ ಹುಬ್ಬೇರಿಸಿದಳು. ಆ ಹುಬ್ಬಿನಲ್ಲಿ ಒಂದು ಕ್ಷಣ ಗೌರವವೇ ಇತ್ತು. ಮಾರ್ಗೋ ಅದನ್ನು ಕಣ್ಣಾರೆ ಕಂಡಳು.

"ಆ ಫೋನು ತುಂಬ ಮಕ್ಕಳ ಬಗ್ಗೆ ಮಾಡ್ತಾರಂತೆ ಆಂಟಿ," ಎಂದಳು ಫೀಬಿ. "ವಿದರ್ಬಿ ಸಿಕ್ಕಿರಲಿಲ್ಲ. ನನಗೆ ಟ್ರಸ್ಕಾಟ್ ಸಿಕ್ಕಿದೆ. ಅಲ್ಲಿಗೇ ಹೋಗ್ತಿದ್ದೀನಿ."

"ಓಹ್, ಟ್ರಸ್ಕಾಟಾ!" ಕೋರಲೀ ಕೈಯನ್ನು ಎದೆಯ ಮೇಲಿಟ್ಟುಕೊಂಡಳು. "ಎಷ್ಟು ಮುದ್ದಾಗಿದೆ ಆ ಊರು!"

ಕಾಲೇಜನ್ನು ಬಿಟ್ಟು ಊರನ್ನು ಹೊಗಳುವುದರ ಅರ್ಥ ಲಿಂಡೆನ್ ಫಾಲ್ಸ್‌ನಲ್ಲಿ ಎಲ್ಲರಿಗೂ ಗೊತ್ತು. ಮಾರ್ಗೋಗಂತೂ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷಗಳಲ್ಲಿ ಅವಳು ಎಷ್ಟೋ ಊರುಗಳನ್ನು ಹೊಗಳಿದ್ದಳು, ಎಷ್ಟೋ ತಾಯಂದಿರ ತೋಳು ಸವರಿದ್ದಳು. ಕೋರಲೀ ಈಗ ಕಿಟಕಿಯಿಂದ ಕೈ ಚಾಚಿ ಅವಳ ತೋಳು ಸವರಿದಳು.

"ಅಲ್ಲಿ ಏಡಿ ತುಂಬ ಚೆನ್ನಾಗಿ ಸಿಗುತ್ತಂತೆ," ಎಂದೂ ಸೇರಿಸಿದಳು.

"ನೂರಾರು ಇದಾವೆ," ಎಂದಳು ಫೀಬಿ ಖುಷಿಯಿಂದ. "ಎಣಿಸೋದೇ ಕೆಲಸ."

ಅವಳು ತಾಯಿಯ ಕೈಯಿಂದ ಕೀಲಿ ತೆಗೆದುಕೊಂಡು ಮುಂದೆ ನಡೆದಳು. ಮಾರ್ಗೋ ಅಲ್ಲೇ ಬಾಗಿ ನಿಂತು, ಫೋನ್ ಬಂದದ್ದು ಯಾವಾಗ, ಮಾಡಿದವರು ಎಷ್ಟು ದೊಡ್ಡವರು, ಪತ್ರವನ್ನು ಅವರು ಹೇಗೆ ಎತ್ತಿ ಆಡಿದರು ಎಂದು ವಿವರಿಸತೊಡಗಿದಳು. ಕೋರಲೀ ತಲೆಯಾಡಿಸಿದಳು, ಚಳಿ ಎಂದು ಸನ್ನೆ ಮಾಡಿದಳು, ಕಿಟಕಿ ಏರಿಸಿದಳು, ಕಾರು ಶುರುಮಾಡಿದಳು.

"ಅಮ್ಮಾ, ಬರ್ತೀಯಾ?" ಎಂದು ಫೀಬಿ ಆ ಕಡೆಯಿಂದ ಕೂಗಿದಳು. "ನನಗೆ ಹಸಿವು!"

"ಅವರೇ ಮಾಡಿದ್ದು," ಎಂದಳು ಮಾರ್ಗೋ ಗಾಜಿನೊಳಕ್ಕೂ ಕೇಳುವಷ್ಟು ದನಿ ಏರಿಸಿ, ಚಲಿಸತೊಡಗಿದ ಕಾರಿನ ಪಕ್ಕ ಎರಡು ಹೆಜ್ಜೆ ಹಾಕುತ್ತ. "ನಾವಾಗಿ ಕೇಳಿದ್ದಲ್ಲ!"